ಚಂದ್ರ ಯಾಕೆ ಬೀಳಲ್ಲ? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಶಾಲೆಗಳ ಮೈದಾನದಲ್ಲಿ, ಕೆಲವೊಮ್ಮೆ ಯಾರದ್ದೋ ಅಡಿಕೆ ಅಂಗಳದಲ್ಲಿ ಟೆಲಿಸ್ಕೋಪ್ ಇಟ್ಟು ಆಕಾಶ ತೋರಿಸುವಾಗ ಜನ ಕೇಳಿದ ಪ್ರಶ್ನೆಗಳು ಇವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಆಕಾಶ ಅನ್ನುವುದೇ ಇರುವುದಿಲ್ಲ, ಬರೀ ಮೋಡ. ಆಗ ಪ್ರಶ್ನೆಗಳು ಪತ್ರದಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದವು ಮೊದಲು, ತಲೆ ಕೆರೆಯುವಂಥವು ಆಮೇಲೆ.

## ಎಲ್ಲರೂ ಕೇಳುವವು

"ಮೇಲೆ ಎಸೆದ ಕಲ್ಲು ಬೀಳುತ್ತೆ. ಚಂದ್ರ ಯಾಕೆ ಬೀಳಲ್ಲ?"

ಬೀಳುತ್ತಲೇ ಇದ್ದಾನೆ. ಈ ಪುಟದಲ್ಲಿ ಒಂದೇ ಉತ್ತರ ಓದಲು ಪುರಸೊತ್ತು ಇದ್ದರೆ ಇದನ್ನು ಓದಿ.

ಚಂದ್ರ ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರ ಇದ್ದಾನೆ. ಪ್ರತಿ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಪಕ್ಕಕ್ಕೆ ಓಡುತ್ತಾನೆ. ಭೂಮಿಯ ಎಳೆತ ಇಲ್ಲದಿದ್ದರೆ ಹಾಗೇ ನೆಟ್ಟಗೆ ಹೋಗಿಬಿಡುತ್ತಿದ್ದ. ಆದರೆ ಅದೇ ಒಂದು ಸೆಕೆಂಡಿನಲ್ಲಿ ಭೂಮಿ ಅವನನ್ನು ತನ್ನ ಕಡೆಗೆ ಸುಮಾರು 1.4 ಮಿಲಿಮೀಟರ್ ಎಳೆಯುತ್ತದೆ. ಪಕ್ಕಕ್ಕೆ ಓಡಿದ್ದರಿಂದ ಭೂಮಿಯಿಂದ ಎಷ್ಟು ದೂರ ಆಗಬೇಕಿತ್ತೋ, ಸರಿಯಾಗಿ ಅಷ್ಟೇ ಬೀಳುತ್ತಾನೆ. ಮುಂದಿನ ಸೆಕೆಂಡಿನಲ್ಲೂ ಅದೇ ಕಥೆ. ಹೀಗೆ ಬೀಳುತ್ತಾ ಬೀಳುತ್ತಾ 27.3 ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ.

ಚಂದ್ರನನ್ನು ಯಾರೂ ಮೇಲೆ ಎತ್ತಿ ಹಿಡಿದಿಲ್ಲ. ಬೀಳುತ್ತಿರುವವನು ನೆಲಕ್ಕೆ ಯಾಕೆ ತಾಗುವುದಿಲ್ಲ ಅಂತ ಕೇಳಿದರೆ ಪ್ರಶ್ನೆ ಸರಿಯಾಗುತ್ತದೆ.

"ಹಾಗಾದ್ರೆ ಕೊಡಚಾದ್ರಿ ಮೇಲಿಂದ ಜೋರಾಗಿ ಕಲ್ಲು ಹೊಡೆದರೆ ಅದೂ ಸುತ್ತುತ್ತಾ?"

ಇದನ್ನು ಕೇಳಿದ ಹುಡುಗ ತಮಾಷೆಗೆ ಕೇಳಿದ್ದ. ನ್ಯೂಟನ್ ಯೋಚಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ತುಂಬಾ ಎತ್ತರದ ಬೆಟ್ಟದ ಮೇಲೆ ಫಿರಂಗಿ ಇಟ್ಟು ಅಡ್ಡಕ್ಕೆ ಗುಂಡು ಹಾರಿಸಿದರೆ ಏನಾಗುತ್ತದೆ?

ಮೊದಲು ಜೋಗಕ್ಕೆ ಹೋಗೋಣ. ಅಲ್ಲಿ ನೀರು 253 ಮೀಟರ್ ಕೆಳಗೆ ಬೀಳುತ್ತದೆ. ಗಾಳಿಯ ತಡೆ ಇಲ್ಲ ಅಂದುಕೊಂಡರೆ ಅಷ್ಟು ಬೀಳಲು ಏಳು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ತುದಿಯಿಂದ ಕಲ್ಲನ್ನು ಸುಮ್ನೆ ಕೈಬಿಟ್ಟರೂ ಏಳು ಸೆಕೆಂಡು, ಅಡ್ಡಕ್ಕೆ ಬೀಸಿ ಎಸೆದರೂ ಏಳೇ ಸೆಕೆಂಡು. (ಲೆಕ್ಕದಲ್ಲಿ ಮಾತ್ರ ಎಸೆಯಿರಿ, ಕೆಳಗೆ ಜನ ಇರುತ್ತಾರೆ.) ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದರೆ 70 ಮೀಟರ್ ಆಚೆ ಬೀಳುತ್ತದೆ, 100 ಮೀಟರ್ ವೇಗದಲ್ಲಿ ಎಸೆದರೆ 700 ಮೀಟರ್ ಆಚೆ. ಅಡ್ಡ ಓಟ ಎಷ್ಟೇ ಇರಲಿ, ಬೀಳುವ ಕೆಲಸ ಅದರ ಪಾಡಿಗೆ ಅದು ನಡೆಯುತ್ತದೆ.

ಈಗ ವೇಗವನ್ನು ಇನ್ನೂ ಏರಿಸಿ. ಭೂಮಿ ಗುಂಡಗಿದೆಯಲ್ಲ, 8 ಕಿಲೋಮೀಟರ್ ನೆಟ್ಟಗೆ ಹೋದರೆ ನೆಲ ನಮ್ಮ ಗೆರೆಯಿಂದ ಸುಮಾರು 5 ಮೀಟರ್ ಕೆಳಗೆ ಬಾಗಿರುತ್ತದೆ. ಯಾವ ವಸ್ತುವಾದರೂ ಮೊದಲ ಸೆಕೆಂಡಿನಲ್ಲಿ ಬೀಳುವುದು 4.9 ಮೀಟರ್. ಅಂದರೆ ಸೆಕೆಂಡಿಗೆ 7.9 ಕಿಲೋಮೀಟರ್ ಓಡುವ ಕಲ್ಲು ಎಷ್ಟು ಬೀಳುತ್ತದೋ ನೆಲವೂ ಅಷ್ಟೇ ಕೆಳಗೆ ಜಾರುತ್ತದೆ. ಕಲ್ಲಿಗೆ ನೆಲ ಸಿಗುವುದೇ ಇಲ್ಲ.

ಕೊಡಚಾದ್ರಿ 1,343 ಮೀಟರ್. ಅಲ್ಲಿ ಗಾಳಿ ಇನ್ನೂ ದಟ್ಟ. ಆ ವೇಗದಲ್ಲಿ ಹೊರಟ ಕಲ್ಲು ಉರಿದು ಪುಡಿಯಾಗುತ್ತದೆ. ಎವರೆಸ್ಟ್ ಕೂಡ ಈ ಕೆಲಸಕ್ಕೆ ಸಾಲದು. ಅದಕ್ಕೇ ಉಪಗ್ರಹಗಳನ್ನು ಗಾಳಿ ತೀರಾ ತೆಳುವಾಗುವ ಎತ್ತರಕ್ಕೆ ಒಯ್ದು ಬಿಡುತ್ತಾರೆ. ಜನ ರಾಕೆಟ್ ಅಂದರೆ ಮೇಲೆ ಹೋಗುವುದು ಅಂದುಕೊಂಡಿದ್ದಾರೆ. ಅದರ ಇಂಧನದ ದೊಡ್ಡ ಪಾಲು ಖರ್ಚಾಗುವುದು ಅಡ್ಡ ಓಡಲಿಕ್ಕೆ.

"ಗ್ರಹಗಳನ್ನು ಹಿಂದಿನಿಂದ ತಳ್ಳೋರು ಯಾರು? ಇಷ್ಟು ವರ್ಷ ಓಡಿ ಸುಸ್ತಾಗಲ್ವಾ?"

ಯಾರೂ ತಳ್ಳುತ್ತಿಲ್ಲ. ರಸ್ತೆ ಮೇಲೆ ಓಡುವ ಬಸ್ಸಿಗೆ ಟೈರು, ಗಾಳಿ, ಎಲ್ಲವೂ ಅಡ್ಡ ಹಾಕುತ್ತವೆ. ಅದಕ್ಕೆ ಡೀಸೆಲ್ ಬೇಕು. ಗ್ರಹದ ದಾರಿಯಲ್ಲಿ ತಡೆಯುವುದು ಏನೂ ಇಲ್ಲ, ಹಾಗಾಗಿ ಒಮ್ಮೆ ಹಿಡಿದ ವೇಗ ಹಾಗೇ ಉಳಿಯುತ್ತದೆ. ಸುಮಾರು 460 ಕೋಟಿ ವರ್ಷದ ಹಿಂದೆ ಅನಿಲ, ದೂಳು ತುಂಬಿದ ದೊಡ್ಡ ಮೋಡವೊಂದು ತಿರುಗುತ್ತಾ ಕುಗ್ಗಿ ಸೂರ್ಯ, ಗ್ರಹ ಎಲ್ಲ ಆದವು. ಆ ತಿರುಗಾಟವೇ ಇವತ್ತಿನ ಓಟ. ಎಲ್ಲ ಗ್ರಹಗಳೂ ಸೂರ್ಯನನ್ನು ಒಂದೇ ದಿಕ್ಕಿನಲ್ಲಿ ಸುತ್ತುವುದೂ ಅದಕ್ಕೇ.

ಎಳೆತದ ಕೆಲಸ ಓಡಿಸುವುದಲ್ಲ, ದಾರಿಯನ್ನು ಬಗ್ಗಿಸುವುದು.

"ಕವಣೆ ತಿರುಗಿಸಿದ ಹಾಗೆ ಅಂತ ಮೇಷ್ಟ್ರು ಹೇಳಿದ್ರು. ಸರೀನಾ?"

ಅರ್ಧ ಸರಿ. ಗದ್ದೆಗೆ ಬರುವ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಹಗ್ಗ ಕೈಯನ್ನು ಜಗ್ಗುವುದು ಗೊತ್ತು. ಕಲ್ಲು ಸುತ್ತುತ್ತಿರುವುದು ಹಗ್ಗ ಅದನ್ನು ಒಳಗೆ ಎಳೆಯುತ್ತಿರುವುದರಿಂದ. ಒಂದು ಎಳೆ ಬಿಟ್ಟ ಕೂಡಲೇ ಕಲ್ಲು ಆ ಗಳಿಗೆಯಲ್ಲಿ ಯಾವ ಕಡೆ ಓಡುತ್ತಿತ್ತೋ ಆ ಕಡೆಗೆ ನೆಟ್ಟಗೆ ಹೋಗುತ್ತದೆ. ಕೈಯಿಂದ ದೂರಕ್ಕೆ, ಹಗ್ಗದ ಗೆರೆಯಲ್ಲಿ, ಸಿಡಿಯುವುದಿಲ್ಲ. ಗುರುತ್ವ ನಿಂತರೆ ಚಂದ್ರನೂ ಹೀಗೇ ಹೋಗುತ್ತಾನೆ. "ಹೊರಗೆ ತಳ್ಳುವ ಶಕ್ತಿಯೂ ಒಳಗೆ ಎಳೆಯುವ ಶಕ್ತಿಯೂ ಸಮ ಆಗಿ ಚಂದ್ರ ನಿಂತಿದ್ದಾನೆ" ಅಂತ ಕೆಲವರು ಬಾಯಿಪಾಠ ಮಾಡಿಸುತ್ತಾರೆ. ನನಗೆ ಅದು ಇಷ್ಟ ಇಲ್ಲ. ಎರಡೂ ನಿಜಕ್ಕೂ ಸಮ ಆದರೆ ಅವನು ಬಾಗುವುದೇ ಇಲ್ಲ, ನೆಟ್ಟಗೆ ಹೋಗುತ್ತಾನೆ.

ಕವಣೆ ಹೊಂದದ ಜಾಗವೂ ಇದೆ. ಹಗ್ಗದ ಉದ್ದ ಬದಲಾಗುವುದಿಲ್ಲ. ಗುರುತ್ವಕ್ಕೆ ಅಂಥ ಕಟ್ಟು ಇಲ್ಲ. ದೂರ ಎರಡರಷ್ಟಾದರೆ ಎಳೆತ ನಾಲ್ಕರಲ್ಲಿ ಒಂದು ಪಾಲು, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲು.

"ಆಕಾಶದಲ್ಲಿ ಗುರುತ್ವ ಇಲ್ಲ ಅಂತಾರೆ. ಶುಭಾಂಶು ಶುಕ್ಲಾ ತೇಲ್ತಾ ಇದ್ರಲ್ಲ?"

2025ರ ಜೂನ್, ಜುಲೈಯಲ್ಲಿ ಅವರು ಇದ್ದ ಬಾಹ್ಯಾಕಾಶ ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿನ ಎಳೆತ ಇಲ್ಲಿನದರ ನೂರಕ್ಕೆ 88ರಷ್ಟು ಇದ್ದೇ ಇದೆ. ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ. ನಿಲ್ದಾಣ, ಅದರ ಗೋಡೆ, ಒಳಗಿನ ಮನುಷ್ಯ, ಅವನ ನೀರಿನ ಹನಿ, ಎಲ್ಲವೂ ಒಟ್ಟಿಗೆ ಒಂದೇ ಥರ ಬೀಳುತ್ತಿವೆ. ಕಾಲಿಗೆ ನೆಲ ಒತ್ತುವುದಿಲ್ಲ, ಅದಕ್ಕೇ ತೇಲಾಟ.

ಭಾರದ್ದು, ಹಗುರದ್ದು ಒಟ್ಟಿಗೇ ಬೀಳುತ್ತದೆ ಅನ್ನುವುದನ್ನು 1971ರಲ್ಲಿ ಅಪೋಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟು ತೋರಿಸಿದರು. ಗಾಳಿ ಇಲ್ಲದ ಜಾಗ, ಎರಡೂ ಒಟ್ಟಿಗೇ ನೆಲ ಮುಟ್ಟಿದವು.

"ಚಂದ್ರನ ಓಟ ನಿಂತುಬಿಟ್ಟರೆ ಎಷ್ಟು ದಿನಕ್ಕೆ ಬಂದು ಬಡಿತಾನೆ?"

ಐದು ದಿನಕ್ಕಿಂತ ಸ್ವಲ್ಪ ಮೊದಲೇ. ನಿಲ್ಲಿಸುವವರು ಯಾರೂ ಇಲ್ಲ, ನಿದ್ದೆ ಮಾಡಿ.

## ಸ್ವಲ್ಪ ಒಳಗೆ ಇಳಿದರೆ

"ಸೂರ್ಯ ಅಷ್ಟು ದೊಡ್ಡವ. ಭೂಮಿಯನ್ನು ಎಳೆದು ನುಂಗಲ್ವಾ?"

ಸೂರ್ಯನೊಳಗೆ ಬೀಳುವುದು ಮಹಾ ಕಷ್ಟದ ಕೆಲಸ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಪಕ್ಕಕ್ಕೆ ಓಡುತ್ತಿದೆ. ಆ ಓಟವನ್ನು ಕಳೆದುಕೊಳ್ಳದೆ ಸೂರ್ಯನನ್ನು ಮುಟ್ಟಲು ಆಗುವುದಿಲ್ಲ. ಪೂರ್ತಿ ನಿಂತರೆ 65 ದಿನದಲ್ಲಿ ಬೀಳುತ್ತೇವೆ, ಆದರೆ ನಿಲ್ಲಿಸುವ ಬ್ರೇಕ್ ಎಲ್ಲಿದೆ?

2018ರಲ್ಲಿ ಹೊರಟ ನಾಸಾದ ಪಾರ್ಕರ್ ನೌಕೆಗೂ ಇದೇ ತೊಂದರೆ. ಭೂಮಿಯಿಂದ ಹೊರಟದ್ದಕ್ಕೆ ಭೂಮಿಯ ಅಡ್ಡ ಓಟವೂ ಜೊತೆಗೆ ಬಂದಿತ್ತು. ಅದನ್ನು ಕರಗಿಸಲು ಶುಕ್ರನ ಪಕ್ಕದಲ್ಲಿ ಏಳು ಸಲ ಹಾದುಹೋಗಬೇಕಾಯಿತು. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿಲೋಮೀಟರ್ ಹತ್ತಿರ ಹೋಯಿತು. ಅಷ್ಟು ಹತ್ತಿರ ಹೋದರೂ ಬೀಳಲಿಲ್ಲ, ಸುತ್ತಿ ಹೊರಬಂತು.

"ಜನವರಿಯಲ್ಲಿ ಸೂರ್ಯ ಹತ್ತಿರ ಇರ್ತಾನೆ ಅಂತೀರಿ. ಮತ್ತೆ ಆಗ ಯಾಕೆ ಇಷ್ಟು ಚಳಿ?"

ಗ್ರಹಗಳ ದಾರಿ ಸರಿಯಾದ ವೃತ್ತ ಅಲ್ಲ, ಸ್ವಲ್ಪ ಉದ್ದ ಎಳೆದ ದೀರ್ಘವೃತ್ತ. ಕೆಪ್ಲರ್ ಇದನ್ನು 1609ರಲ್ಲೇ ಹೇಳಿದರು. ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಂದ 14.7 ಕೋಟಿ ಕಿಲೋಮೀಟರ್ ದೂರ, ಜುಲೈ ಮೊದಲ ವಾರದಲ್ಲಿ 15.2 ಕೋಟಿ. ಈ ವ್ಯತ್ಯಾಸ ಚಿಕ್ಕದು. ಚಳಿ, ಸೆಕೆ ಬರುವುದು ಭೂಮಿ 23.4 ಡಿಗ್ರಿ ವಾಲಿರುವುದರಿಂದ.

ಆದರೆ ವೇಗ ಮಾತ್ರ ಬದಲಾಗುತ್ತದೆ. ಹತ್ತಿರ ಇದ್ದಾಗ ಸೆಕೆಂಡಿಗೆ 30.3 ಕಿಲೋಮೀಟರ್, ದೂರ ಇದ್ದಾಗ 29.3. ಸೂರ್ಯನ ಕಡೆಗೆ ಇಳಿಯುವಾಗ ವೇಗ ಏರುತ್ತದೆ. ಆ ಏರಿದ ವೇಗವೇ ಅದನ್ನು ಮತ್ತೆ ದೂರಕ್ಕೆ ಒಯ್ಯುತ್ತದೆ. ಹ್ಯಾಲಿ ಧೂಮಕೇತುವಿನಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. 1986ರಲ್ಲಿ ಸೂರ್ಯನ ಹತ್ತಿರ ಹಾರಿಹೋದದ್ದು ನೆಪ್ಚೂನ್‌ನಿಂದಲೂ ಆಚೆ ಹೋಗಿ ತೆವಳಿ, ಈಗ ವಾಪಸ್ ತಿರುಗಿದೆ. 2061ಕ್ಕೆ ಬರುತ್ತದೆ. ಈಗ ಹೈಸ್ಕೂಲಿನಲ್ಲಿ ಇರುವವರಿಗೆ ನೋಡುವ ಅವಕಾಶ ಚೆನ್ನಾಗಿದೆ.

"ನಮ್ಮ ಮನೆ ಡಿಶ್ ಯಾವಾಗಲೂ ಒಂದೇ ಕಡೆ ನೋಡುತ್ತೆ. ಆ ಉಪಗ್ರಹ ಸುತ್ತಲ್ವಾ?"

ಸುತ್ತುತ್ತದೆ, ನಿಮ್ಮ ಜೊತೆಗೇ. ದೂರ ಹೋದಷ್ಟೂ ಸುತ್ತು ನಿಧಾನ. 400 ಕಿಲೋಮೀಟರ್ ಎತ್ತರದ ನಿಲ್ದಾಣಕ್ಕೆ ಒಂದು ಸುತ್ತಿಗೆ ಒಂದೂವರೆ ಗಂಟೆ. ಚಂದ್ರನಿಗೆ 27 ದಿನ. ನಡುವೆ ಎಲ್ಲೋ ಒಂದು ಕಡೆ ಸುತ್ತು ಸರಿಯಾಗಿ ಭೂಮಿ ಒಮ್ಮೆ ತಿರುಗುವಷ್ಟು ಹೊತ್ತಿಗೇ ಮುಗಿಯಬೇಕಲ್ಲ? ಆ ಎತ್ತರ 35,786 ಕಿಲೋಮೀಟರ್. ಭೂಮಧ್ಯರೇಖೆಯ ನೇರ ಮೇಲೆ ಅಲ್ಲಿ ಇಟ್ಟ ಉಪಗ್ರಹ ನಮಗೆ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುತ್ತದೆ. ಭೂಮಧ್ಯರೇಖೆ ನಮಗೆ ದಕ್ಷಿಣಕ್ಕೆ ಇರುವುದರಿಂದ ಶಿವಮೊಗ್ಗದ ಡಿಶ್‌ಗಳು ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿರುತ್ತವೆ. ಇಸ್ರೋದ ಇಂಥ ಉಪಗ್ರಹಗಳ ಉಸ್ತುವಾರಿ ನಡೆಯುವುದು ನಮ್ಮ ಪಕ್ಕದ ಹಾಸನದಲ್ಲಿ.

"ಚಂದ್ರಯಾನ-3 ನೇರ ಹೋಗೋದು ಬಿಟ್ಟು ಅಷ್ಟು ದಿನ ಭೂಮಿಯನ್ನೇ ಯಾಕೆ ಸುತ್ತಿತು?"

ಇಂಧನ ಉಳಿಸಲು. 2023ರ ಜುಲೈ 14ರಂದು ರಾಕೆಟ್ ಅದನ್ನು ಉದ್ದನೆಯ ಕಕ್ಷೆಯಲ್ಲಿ ಬಿಟ್ಟಿತು. ಹತ್ತಿರದ ತುದಿ ನೆಲದಿಂದ 170 ಕಿಲೋಮೀಟರ್, ದೂರದ ತುದಿ 36,500. ಆಮೇಲೆ ಹತ್ತಿರದ ತುದಿಗೆ ಬಂದಾಗಲೆಲ್ಲ ಒಂದೊಂದು ನೂಕು ಕೊಟ್ಟರು. ಆ ಜಾಗದಲ್ಲಿ ಕೊಟ್ಟ ನೂಕು ಆಚೆ ತುದಿಯನ್ನು ದೂರ ತಳ್ಳುತ್ತದೆ. ಅಲ್ಲಿ ನೌಕೆ ಅತಿ ಜೋರಾಗಿ ಓಡುತ್ತಿರುವುದರಿಂದ ಅಷ್ಟೇ ಇಂಧನಕ್ಕೆ ಹೆಚ್ಚು ಲಾಭ. ಹೀಗೆ ಹಿಗ್ಗುತ್ತಾ ಹೋಗಿ ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿಯಿತು.

ಆಗಸ್ಟ್ 5ರಂದು ಚಂದ್ರನ ಹತ್ತಿರ ಮಾಡಿದ್ದು ಇದರ ಉಲ್ಟಾ, ಬ್ರೇಕ್. ಅದನ್ನು ಹಾಕದಿದ್ದರೆ ಚಂದ್ರ ಅದರ ದಾರಿಯನ್ನು ಒಂದಿಷ್ಟು ಬಗ್ಗಿಸಿ ಕಳಿಸುತ್ತಿದ್ದ ಅಷ್ಟೇ. ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಎಳೆತ ಇದ್ದ ಮಾತ್ರಕ್ಕೆ ಕಕ್ಷೆ ಆಗುವುದಿಲ್ಲ, ವೇಗವೂ ಅದಕ್ಕೆ ಹೊಂದಬೇಕು.

"ನಮ್ಮ ಭಾಸ್ಕರಾಚಾರ್ಯರು ನ್ಯೂಟನ್‌ಗಿಂತ ಮೊದಲೇ ಹೇಳಿದ್ರಂತೆ, ಹೌದಾ?"

ಈ ಪ್ರಶ್ನೆ ಬಂದಾಗ ಗುಂಪು ಎರಡಾಗುತ್ತದೆ. ಎರಡೂ ಕಡೆಯವರಿಗೆ ಸ್ವಲ್ಪ ಬೇಜಾರು ಮಾಡುವ ಉತ್ತರ ನನ್ನದು.

ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಭೂಮಿಗೆ ಎಳೆಯುವ ಶಕ್ತಿ ಇದೆ, ಭಾರದ ವಸ್ತುಗಳನ್ನು ಅದು ತನ್ನ ಕಡೆಗೆ ಸೆಳೆಯುತ್ತದೆ ಅಂತ ಸ್ಪಷ್ಟವಾಗಿ ಇದೆ. ಅವರಿಗಿಂತ ಐನೂರು ವರ್ಷ ಹಿಂದಿನ ಬ್ರಹ್ಮಗುಪ್ತರೂ ಇಂಥದ್ದೇ ಮಾತು ಹೇಳಿದ್ದಾರೆ. ಇದು ಕಟ್ಟುಕಥೆ ಅಲ್ಲ. ಆದರೆ ಆ ಎಳೆತ ಚಂದ್ರನನ್ನು ಸುತ್ತಿಸುತ್ತದೆ ಅಂತಲೋ, ದೂರ ಹೋದಂತೆ ಇಂತಿಷ್ಟು ಕಡಿಮೆ ಆಗುತ್ತದೆ ಅಂತಲೋ ಅಲ್ಲಿ ಇಲ್ಲ. ಅವರ ಲೆಕ್ಕದಲ್ಲಿ ಭೂಮಿಯೇ ನಡುವೆ ಇತ್ತು.

ನ್ಯೂಟನ್ ಸೇರಿಸಿದ್ದು ಈ ಭಾಗ. ತೋಟದಲ್ಲಿ ಉದುರುವ ಗೋಟಡಿಕೆಯನ್ನೇ ತೆಗೆದುಕೊಳ್ಳಿ. ಮೊದಲ ಸೆಕೆಂಡಿನಲ್ಲಿ ಅದು 4.9 ಮೀಟರ್ ಬೀಳುತ್ತದೆ. ಭೂಮಿಯ ನಡುವಿನಿಂದ ಅಡಿಕೆ ಇರುವ ದೂರಕ್ಕಿಂತ ಚಂದ್ರ 60 ಪಟ್ಟು ದೂರ ಇದ್ದಾನೆ. ಎಳೆತ 60ರ ವರ್ಗದಷ್ಟು, ಅಂದರೆ 3,600 ಪಟ್ಟು ಕಡಿಮೆ ಆಗಬೇಕು. 4.9 ಮೀಟರನ್ನು 3,600ರಿಂದ ಭಾಗಿಸಿ ನೋಡಿ. 1.4 ಮಿಲಿಮೀಟರ್ ಹತ್ತಿರ ಬರುತ್ತದೆ. ಚಂದ್ರ ನಿಜವಾಗಿ ಬೀಳುವುದೂ ಅಷ್ಟೇ. ಅಡಿಕೆಗೂ ಚಂದ್ರನಿಗೂ ಕಾನೂನು ಒಂದೇ ಅಂತ ಲೆಕ್ಕದಲ್ಲಿ ತೋರಿಸಿದ್ದು, 1687ರಲ್ಲಿ ಅಚ್ಚು ಹಾಕಿಸಿದ್ದು ಅವರ ಕೆಲಸ. ಭಾಸ್ಕರರಿಗೆ ಸಲ್ಲಬೇಕಾದ ಗೌರವ ಇದರಿಂದ ಕಡಿಮೆ ಆಗುವುದಿಲ್ಲ. ಅವರ ಗಣಿತ ಒಂದೇ ಸಾಕು.

## ಪಟ್ಟು ಹಿಡಿದು ಕೇಳುವವರಿಗೆ

"ಲೆಕ್ಕ ಹಾಕಿದೆ ಸರ್. ಚಂದ್ರನನ್ನು ಭೂಮಿಗಿಂತ ಸೂರ್ಯನೇ ಜಾಸ್ತಿ ಎಳೀತಾನೆ. ಮತ್ತೆ ಚಂದ್ರ ನಮ್ಮ ಹತ್ತಿರ ಯಾಕೆ ಇದ್ದಾನೆ?"

ಲೆಕ್ಕ ಸರಿಯಾಗಿದೆ. ಸೂರ್ಯನ ಎಳೆತ ಎರಡು ಪಟ್ಟಿಗಿಂತ ಜಾಸ್ತಿ. ನನಗೆ ಬಂದ ಪ್ರಶ್ನೆಗಳಲ್ಲಿ ಇದು ಅತಿ ಚೆಂದದ್ದು.

ಸೂರ್ಯ ಚಂದ್ರನನ್ನು ಮಾತ್ರ ಎಳೆಯುತ್ತಿಲ್ಲ, ಭೂಮಿಯನ್ನೂ ಎಳೆಯುತ್ತಿದ್ದಾನೆ. ಇಬ್ಬರೂ ಸೂರ್ಯನ ಕಡೆಗೆ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಒಟ್ಟಿಗೇ ಬೀಳುತ್ತಾರೆ. ಒಟ್ಟಿಗೆ ಬೀಳುವವರ ನಡುವಿನ ಸಂಬಂಧ ಅದರಿಂದ ಕೆಡುವುದಿಲ್ಲ. ಕೆಡಿಸಬಲ್ಲದ್ದು ವ್ಯತ್ಯಾಸ ಮಾತ್ರ: ಚಂದ್ರ ಸೂರ್ಯನಿಗೆ ಸ್ವಲ್ಪ ಹತ್ತಿರ ಬಂದಾಗ ಅವನ ಮೇಲೆ ಎಳೆತ ಒಂಚೂರು ಜಾಸ್ತಿ. ಆ ಒಂಚೂರು, ಚಂದ್ರನ ಮೇಲೆ ಭೂಮಿಗೆ ಇರುವ ಹಿಡಿತದ ನೂರರಲ್ಲಿ ಒಂದು ಪಾಲಿನಷ್ಟು. ಹಿಡಿತ ಬಿಡಿಸಲು ಸಾಲದು.

ಈ ಹಿಡಿತಕ್ಕೂ ಒಂದು ಗಡಿ ಇದೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಹೋದದ್ದು ನಮ್ಮದಾಗಿ ಉಳಿಯುವುದಿಲ್ಲ. ಸೂರ್ಯನನ್ನು ಗಮನಿಸುವ ಇಸ್ರೋದ ನೌಕೆ ಆದಿತ್ಯ-ಎಲ್1 ಇರುವುದು ಆ ಗಡಿಯ ಹತ್ತಿರವೇ. ಚಂದ್ರ ಇರುವುದು ಆ ದೂರದ ಕಾಲು ಭಾಗದಲ್ಲಿ.

ಇನ್ನೊಂದು ಸ್ವಾರಸ್ಯ. ಸೂರ್ಯನ ಸುತ್ತ ಚಂದ್ರನ ದಾರಿಯನ್ನು ಅಳತೆಗೆ ತಕ್ಕ ಹಾಗೆ ಕಾಗದದ ಮೇಲೆ ಬರೆದರೆ ಸುರುಳಿ ಸುರುಳಿಯಾಗಿ ಬರುವುದಿಲ್ಲ. ಎಲ್ಲ ಕಡೆಯೂ ಸೂರ್ಯನ ಕಡೆಗೇ ಬಾಗಿದ ಗೆರೆ ಅದು. ಪಠ್ಯಪುಸ್ತಕದ ಚಿತ್ರಗಳು ಈ ವಿಷಯದಲ್ಲಿ ದಾರಿ ತಪ್ಪಿಸುತ್ತವೆ.

"ರಾಹು ಕೇತು ಯಾವಾಗಲೂ ಹಿಂದಕ್ಕೇ ಯಾಕೆ ಹೋಗ್ತವೆ? ಇದಕ್ಕೂ ಗುರುತ್ವಕ್ಕೂ ಸಂಬಂಧ ಇದೆಯಾ?"

ಇದೆ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆ. ಎರಡೂ ಕತ್ತರಿಸುವ ಎರಡು ಬಿಂದುಗಳೇ ರಾಹು, ಕೇತು. ಅಲ್ಲಿ ಗ್ರಹವೂ ಇಲ್ಲ, ಕಲ್ಲೂ ಇಲ್ಲ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಚಂದ್ರ ಆ ಬಿಂದುಗಳ ಹತ್ತಿರ ಇದ್ದರೆ ಮಾತ್ರ ಗ್ರಹಣ.

ಓರೆಯಾದ ಈ ಕಕ್ಷೆಯನ್ನು ಸೂರ್ಯ ನೆಟ್ಟಗೆ ಮಾಡಲು ಎಳೆಯುತ್ತಾನೆ. ಕಕ್ಷೆ ನೆಟ್ಟಗಾಗುವುದಿಲ್ಲ, ಬದಲಿಗೆ ನಿಧಾನವಾಗಿ ತಿರುಗುತ್ತದೆ, ಅದೂ ಚಂದ್ರ ಹೋಗುವ ದಿಕ್ಕಿಗೆ ವಿರುದ್ಧ. ಹಾಗಾಗಿ ಪಂಚಾಂಗದಲ್ಲಿ ಈ ಇಬ್ಬರು ಸದಾ ಹಿಂದಕ್ಕೇ. ಒಂದು ಸುತ್ತಿಗೆ 18.6 ವರ್ಷ, ರಾಶಿಗೆ ಒಂದೂವರೆ ವರ್ಷ. ಕಾರಣ ಗೊತ್ತಿಲ್ಲದ ಕಾಲದಲ್ಲೂ ನಮ್ಮ ಜ್ಯೋತಿರ್ಗಣಿತದವರು ಈ ಚಲನೆಯನ್ನು ಅಳೆದು ಗ್ರಹಣ ಹೇಳುತ್ತಿದ್ದರು. ಜಾತಕದ ಫಲದ ಬಗ್ಗೆ ನನ್ನನ್ನು ಕೇಳಬೇಡಿ.

"ಚಂದ್ರ ದೂರ ಹೋಗ್ತಾ ಇದಾನಂತೆ?"

ವರ್ಷಕ್ಕೆ 3.8 ಸೆಂಟಿಮೀಟರ್. ಅಪೋಲೊದವರು ಅಲ್ಲಿ ಇಟ್ಟು ಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದದ್ದು. ಚಂದ್ರನ ಎಳೆತಕ್ಕೆ ಸಮುದ್ರ ಉಬ್ಬುತ್ತದೆ. ಭೂಮಿ ಚಂದ್ರನಿಗಿಂತ ಬೇಗ ತಿರುಗುವುದರಿಂದ ಆ ಉಬ್ಬು ಚಂದ್ರನಿಗಿಂತ ಸ್ವಲ್ಪ ಮುಂದೆ ಇರುತ್ತದೆ. ಅದು ಚಂದ್ರನನ್ನು ಮುಂದಕ್ಕೆ ಎಳೆದು ಎತ್ತರದ ಕಕ್ಷೆಗೆ ಏರಿಸುತ್ತದೆ. ಖರ್ಚು ಭೂಮಿಯದ್ದು, ಅದರ ತಿರುಗಾಟ ನಿಧಾನ ಆಗುತ್ತದೆ.

ಮಂಗಳನ ಚಂದ್ರ ಫೋಬೋಸ್‌ಗೆ ಇದರ ಉಲ್ಟಾ. ಅದು ಮಂಗಳ ತಿರುಗುವುದಕ್ಕಿಂತ ಬೇಗ, ಏಳೂ ಮುಕ್ಕಾಲು ಗಂಟೆಯೊಳಗೆ, ಒಂದು ಸುತ್ತು ಹಾಕುತ್ತದೆ. ಉಬ್ಬು ಹಿಂದೆ ಉಳಿದು ಅದನ್ನು ಜಗ್ಗುತ್ತದೆ. ಕೆಲವು ಕೋಟಿ ವರ್ಷದಲ್ಲಿ ಅದು ಚೂರಾಗುತ್ತದೆ ಅಥವಾ ಬೀಳುತ್ತದೆ.

"ಐನ್‌ಸ್ಟೈನ್ ಬಂದ ಮೇಲೆ ನ್ಯೂಟನ್ ತಪ್ಪು ಅಂತ ಆಯ್ತಲ್ಲ?"

ತಪ್ಪು ಅನ್ನುವುದು ಜಾಸ್ತಿ ಆಯಿತು. ಯುರೇನಸ್ ಲೆಕ್ಕದ ದಾರಿ ಬಿಟ್ಟು ಸ್ವಲ್ಪ ಆಚೀಚೆ ಹೋಗುತ್ತಿತ್ತು. ಆಚೆ ಯಾವುದೋ ಗ್ರಹ ಎಳೆಯುತ್ತಿರಬೇಕು ಅಂತ ಫ್ರಾನ್ಸಿನ ಲೆ ವೆರಿಯೆ ಕಾಗದದ ಮೇಲೆ ಅದರ ಜಾಗ ಹುಡುಕಿದರು. 1846ರಲ್ಲಿ ಬರ್ಲಿನ್‌ನಲ್ಲಿ ದೂರದರ್ಶಕ ತಿರುಗಿಸಿದಾಗ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯೂ ಲೆಕ್ಕಕ್ಕಿಂತ ಚೂರು ಜಾಸ್ತಿ ತಿರುಗುತ್ತಿತ್ತು. ಅದೇ ಲೆ ವೆರಿಯೆ ಅದೇ ಉಪಾಯ ಹೂಡಿ ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇದೆ ಅಂದರು, ವಲ್ಕನ್ ಅಂತ ಹೆಸರೂ ಬಿತ್ತು. ಗ್ರಹ ಮಾತ್ರ ಸಿಗಲೇ ಇಲ್ಲ.

ಹೆಚ್ಚುವರಿ ತಿರುವು ನೂರು ವರ್ಷಕ್ಕೆ 43 ಆರ್ಕ್‌ಸೆಕೆಂಡ್ ಮಾತ್ರ. ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್ ಇರುತ್ತವೆ. 1915ರಲ್ಲಿ ಐನ್‌ಸ್ಟೈನ್ ಅವರ ಹೊಸ ಸಿದ್ಧಾಂತದಿಂದ ಇದೇ 43 ಬಂತು. ಅವರ ಪ್ರಕಾರ ಭಾರದ ವಸ್ತು ತನ್ನ ಸುತ್ತಲಿನ ದೇಶ-ಕಾಲವನ್ನೇ, ಅಂದರೆ ಜಾಗ ಮತ್ತು ಸಮಯ ಸೇರಿದ ಹಂದರವನ್ನೇ, ಬಗ್ಗಿಸುತ್ತದೆ, ಗ್ರಹ ಅದರಲ್ಲಿ ತನಗೆ ನೇರವಾದ ದಾರಿಯಲ್ಲಿ ಹೋಗುತ್ತದೆ. ಚಂದ್ರಯಾನದ ದಾರಿಗೆ ನ್ಯೂಟನ್ ಲೆಕ್ಕ ಧಾರಾಳ ಸಾಕು.

"ಮುಂದೆ ಯಾವತ್ತಾದರೂ ಗ್ರಹಗಳು ಡಿಕ್ಕಿ ಹೊಡೀತಾವಾ?"

ಎಲ್ಲ ಗ್ರಹಗಳೂ ಒಂದನ್ನೊಂದು ಸ್ವಲ್ಪ ಸ್ವಲ್ಪ ಎಳೆಯುವುದರಿಂದ ತುಂಬಾ ದೂರದ ಕಾಲಕ್ಕೆ ಕರಾರುವಾಕ್ಕಾಗಿ ಹೇಳಲು ಆಗುವುದಿಲ್ಲ. 2009ರಲ್ಲಿ ಪ್ರಕಟವಾದ ಲಾಸ್ಕಾರ್ ಮತ್ತು ಗ್ಯಾಸ್ಟಿನೋ ಅವರ ಕಂಪ್ಯೂಟರ್ ಲೆಕ್ಕದ ಪ್ರಕಾರ, ಮುಂದಿನ 500 ಕೋಟಿ ವರ್ಷದಲ್ಲಿ ಬುಧನ ಕಕ್ಷೆ ಕೆಟ್ಟು ಅನಾಹುತ ಆಗುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಅಷ್ಟರಲ್ಲಿ ಸೂರ್ಯನ ಆಯುಸ್ಸೇ ತೀರುತ್ತಾ ಬಂದಿರುತ್ತದೆ.

"ಇದನ್ನೆಲ್ಲ ನಂಬೋದಾ, ಅಥವಾ ನಾವೇ ಪರೀಕ್ಷೆ ಮಾಡಬಹುದಾ?"

ಮಾಡಬಹುದು, ಮೋಡ ಬಿಟ್ಟರೆ. ಗುರು ಗ್ರಹ ಚೆನ್ನಾಗಿ ಕಾಣುವ ತಿಂಗಳುಗಳಲ್ಲಿ ಒಂದು ಒಳ್ಳೆಯ ಬೈನಾಕ್ಯುಲರನ್ನು ಕಂಬಕ್ಕೋ ಗೋಡೆಗೋ ಆನಿಸಿ ಹಿಡಿಯಿರಿ. 1610ರಲ್ಲಿ ಗೆಲಿಲಿಯೋ ನೋಡಿದ ನಾಲ್ಕು ಚಂದ್ರರು ಗುರುವಿನ ಅಕ್ಕಪಕ್ಕ ಚುಕ್ಕಿಗಳಾಗಿ ಕಾಣುತ್ತಾರೆ. ದಿನಾ ಅವುಗಳ ಜಾಗವನ್ನು ಗುರುತು ಹಾಕಿಕೊಳ್ಳಿ. ಅವುಗಳಲ್ಲಿ ಒಂದಾದ ಗ್ಯಾನಿಮೀಡ್ 7.15 ದಿನಕ್ಕೆ ಮತ್ತೆ ಅದೇ ಜಾಗಕ್ಕೆ ಬರುವುದು ಕೆಲವು ವಾರದಲ್ಲಿ ತಿಳಿಯುತ್ತದೆ.

ಈಗ ಗುರುವನ್ನು ತೂಗಬಹುದು. ಸುತ್ತುವ ಚಂದ್ರನ ದೂರದ ಘನ ಎಷ್ಟು ಪಟ್ಟು ಹೆಚ್ಚೋ, ಅವಧಿಯ ವರ್ಗ ಎಷ್ಟು ಪಟ್ಟು ಕಡಿಮೆಯೋ, ಅವೆರಡನ್ನೂ ಗುಣಿಸಿದಷ್ಟು ಪಟ್ಟು ನಡುವಿನ ಗ್ರಹ ಭಾರ. ಗ್ಯಾನಿಮೀಡ್ ಇರುವ ದೂರ ಸುಮಾರು 10.7 ಲಕ್ಷ ಕಿಲೋಮೀಟರ್, ನಮ್ಮ ಚಂದ್ರನ ದೂರದ 2.78 ಪಟ್ಟು. ಅದರ ಘನ 21.6. ಸುತ್ತಿನ ಅವಧಿ ನಮ್ಮ ಚಂದ್ರನದಕ್ಕಿಂತ 3.82 ಪಟ್ಟು ಕಡಿಮೆ. ಅದರ ವರ್ಗ 14.6. ಎರಡನ್ನೂ ಗುಣಿಸಿದರೆ 315. ಅಂದರೆ ಗುರು ಭೂಮಿಗಿಂತ ಸುಮಾರು 315 ಪಟ್ಟು ಭಾರ. ಪುಸ್ತಕದಲ್ಲಿ 318 ಅಂತ ಇರುತ್ತದೆ. ಆ ಮೂರರ ವ್ಯತ್ಯಾಸ ಬಂದದ್ದು ನಮ್ಮ ಚಂದ್ರನ ಸ್ವಂತ ತೂಕವನ್ನು ಲೆಕ್ಕದಿಂದ ಬಿಟ್ಟಿದ್ದಕ್ಕೆ. ಅವನು ಭೂಮಿಯ 81ರಲ್ಲಿ ಒಂದು ಪಾಲು, ಸೇರಿಸಿ ನೋಡಿ.